ಥೈರಾಯ್ಡ್ ಪರೀಕ್ಷೆಗೊಂದು ಅರ್ಜಿ

ಡಾಕ್ಟರ ಮುಂದೆ ಕುಳಿತು ತನಗೇನಾಗಿದೆ ಎಂದು ಸರಿಯಾಗಿ ಹೇಳುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಕೆಲವರು ಹೊಟ್ಟೆನೋವಿಗೆಂದು ಬಂದು ಹೊಲದ ಬದುವಿನ ಜಗಳದಿಂದ ಶುರುಮಾಡುತ್ತಾರೆ. ಇನ್ನು ಕೆಲವರು ನಾಲಿಗೆಯನ್ನು ಹೊರಗೆ ಚಾಚಿ, ಉಳಿದದ್ದನ್ನು ನೀವೇ ಕಂಡುಹಿಡಿಯಿರಿ ಎಂಬಂತೆ ಸುಮ್ಮನೆ ಕೂಡುತ್ತಾರೆ. ಇಂಥವರನ್ನು ಕಂಡಾಗಲೆಲ್ಲ ನನಗೆ ಅಯ್ಯೋ ಪಾಪ ಎನಿಸುತ್ತಿತ್ತು. ಯಾಕೆಂದರೆ ನಾನು ಹೇಳುವುದರಲ್ಲಿ ಪಳಗಿದವನು. ಇದನ್ನು ಜಂಬವೆಂದು ತಿಳಿಯಬಾರದು, ಅದು ನನ್ನ ನೌಕರಿಯಾಗಿತ್ತು. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ನಾನು ಸಿಂದಗಿಯ ತಹಶೀಲ್ದಾರ ಕಚೇರಿಯಲ್ಲಿ ಶಿರಸ್ತೇದಾರ. ಹಳ್ಳಿಯಿಂದ ಬಂದ ಅರ್ಜಿದಾರ ಸಾಹೇಬರ ಮುಂದೆ ಕೈಮುಗಿದು ನಿಲ್ಲಬೇಕು, ಮಾತಾಡಬಾರದು. ಅವನ ಅಹವಾಲನ್ನು ಮೂರು ವಾಕ್ಯಗಳಲ್ಲಿ ಹಿಂಡಿ ಸಾಹೇಬರಿಗೆ ಒಪ್ಪಿಸುವವನು ನಾನು. ಅರ್ಜಿದಾರನೇ ಬಾಯಿ ಬಿಟ್ಟರೆ ಸಾಹೇಬರ ಸಮಯ ಹಾಳಾಗುತ್ತದೆ, ಕಚೇರಿಯ ಶಿಸ್ತು ಕೆಡುತ್ತದೆ, ಮತ್ತು ಶಿರಸ್ತೇದಾರ ಯಾಕಿದ್ದಾನೆ ಎಂಬ ಪ್ರಶ್ನೆ ಹುಟ್ಟುತ್ತದೆ.

ಒಮ್ಮೆ ಕನ್ನೊಳ್ಳಿಯ ಒಬ್ಬ ರೈತ ಬಂದಿದ್ದ. ಅವನ ಅರ್ಜಿ ನಾಲ್ಕು ಪುಟ ಇತ್ತು. ಮೊದಲನೆಯ ಪುಟ ಓದಿ ನಾನು ಸಾಹೇಬರಿಗೆ, “ತಮ್ಮನ ಜೊತೆ ಬಾವಿಯ ನೀರಿನ ತಕರಾರು” ಎಂದು ಹೇಳಿದೆ. ಸಾಹೇಬರು ಅವನಿಗೆ ಅಣ್ಣತಮ್ಮಂದಿರು ಹೇಗಿರಬೇಕು ಎಂಬುದರ ಬಗ್ಗೆ ಹತ್ತು ನಿಮಿಷ ಬುದ್ಧಿ ಹೇಳಿದರು. ಅವನು ತಲೆಯಾಡಿಸುತ್ತ ಎಲ್ಲವನ್ನೂ ಕೇಳಿದ. ಹೊರಗೆ ಬಂದ ಮೇಲೆ ನನ್ನ ಹತ್ತಿರ ಮೆಲ್ಲಗೆ, “ಸಾಹೇಬ್ರು ಭಾಳ ಛಲೋ ಹೇಳಿದ್ರು ಖರೇ. ಆದ್ರ ನನಗ ತಮ್ಮನಽ ಇಲ್ಲರಿ” ಎಂದ. ಹಾಗಿದ್ದರೆ ಒಳಗೇ ಯಾಕೆ ಹೇಳಲಿಲ್ಲ ಎಂದು ಗದರಿಸಿದೆ. “ನೀವು ಹೇಳಾಕತ್ತಿದ್ರಲ್ರಿ, ನಡುವ ಹ್ಯಾಂಗ ಬಾಯಿ ಹಾಕ್ಲಿ” ಎಂದ. ತಪ್ಪು ಅವನದೇ ಎಂದು ನಾನು ಬಹಳ ವರ್ಷ ನಂಬಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ. ವಿಷಯ ನನ್ನ ಹೆಂಡತಿ ಕಾಶೀಬಾಯಿಯದು. ಅವಳಿಗೆ ಆಗ ಮೂವತ್ತೆಂಟು ವರ್ಷ. ಪದೇ ಪದೇ ನನ್ನ ವರ್ಗವಾಗುತ್ತಿದ್ದುದರಿಂದ ಇಬ್ಬರು ಮಕ್ಕಳನ್ನು ಬಸವನ ಬಾಗೇವಾಡಿಯಲ್ಲಿ ನನ್ನ ತಾಯಿಯ ಹತ್ತಿರ ಬಿಟ್ಟು ಶಾಲೆಗೆ ಹಾಕಿದ್ದೆವು. ಸಿಂದಗಿಯ ಬಾಡಿಗೆ ಮನೆಯಲ್ಲಿ ನಾವಿಬ್ಬರೇ. ಕಾಶೀಬಾಯಿ ರೊಟ್ಟಿ ಬಡಿಯಲು ಕುಳಿತರೆ ಒಂದು ಬಡಿತ ಇನ್ನೊಂದನ್ನು ಹಿಡಿಯುವಷ್ಟು ಚುರುಕು. ಒಂದು ರೊಟ್ಟಿ ಹಂಚಿನ ಮೇಲೆ ಉಬ್ಬುವಷ್ಟರಲ್ಲಿ ಮುಂದಿನದು ಕಟ್ಟಿಗೆಯ ಕೊಣಮಿಗೆಯಲ್ಲಿ ಸಿದ್ಧ. ಅಂಥವಳ ಬಡಿತ ಒಂದು ಬೇಸಿಗೆಯಲ್ಲಿ ನಿಧಾನವಾಯಿತು. ಒಂದು ಪೆಟ್ಟು ಬಿದ್ದು ಇನ್ನೊಂದು ಬೀಳುವುದರೊಳಗೆ ನಾನು ಪೇಪರಿನ ಒಂದು ಸುದ್ದಿ ಓದಿ ಮುಗಿಸುತ್ತಿದ್ದೆ. ಮುಖ ಸ್ವಲ್ಪ ಊದಿಕೊಂಡಿತು. ಮೈ ದಪ್ಪಗಾಯಿತು. ಓಣಿಯ ಹೆಂಗಸರು, “ಅಕ್ಕೋರು ಮೈ ತುಂಬ್ಯಾರ, ಶಿರಸ್ತೇದಾರ್ರ ಮನ್ಯಾಗ ಉಣ್ಣಾಕ ಏನ್ ಕಡಿಮಿ ಐತಿ” ಎಂದು ಹೊಗಳಿದರು. ಆ ಹೊಗಳಿಕೆಯಲ್ಲಿ ಅರ್ಧ ಪಾಲು ನನ್ನದೆಂದು ನಾನೂ ಖುಷಿಪಟ್ಟೆ.

ಆದರೆ ಮೇ ತಿಂಗಳಲ್ಲಿ, ಸಿಂದಗಿಯ ಜನವೆಲ್ಲ ಮಾಳಿಗೆಯ ಮೇಲೆ ನೀರು ಚಿಮುಕಿಸಿಕೊಂಡು ಮಲಗುವ ದಿನಗಳಲ್ಲಿ, ಅವಳು ಒಳಗೆ ಕೌದಿ ಹೊದ್ದು ಮಲಗತೊಡಗಿದಳು. “ಥಂಡಿ ಹತ್ತೇತ್ರಿ” ಎಂದಳು. ಹೊರಗೆ ಕಾಗೆಗಳು ಬಾಯಿ ತೆರೆದು ಕೂತಿದ್ದವು. ಹಾಲು ಒಲೆಯ ಮೇಲಿಟ್ಟು ಮರೆಯುತ್ತಿದ್ದಳು. ಸಾರಿಗೆ ಉಪ್ಪನ್ನು ಎರಡು ಸಲ ಹಾಕುತ್ತಿದ್ದಳು, ಇಲ್ಲವೆ ಹಾಕುತ್ತಲೇ ಇರಲಿಲ್ಲ. ಹಿರಿಯ ಮಗನಿಗೆ ಬರೆಯುವ ಕಾರ್ಡಿನಲ್ಲಿ ಕಿರಿಯನ ಹೆಸರು ಬರೆದಿದ್ದಳು. ಮಾತೂ ಬಹಳ ಕಡಿಮೆಯಾಯಿತು. ಇದೊಂದನ್ನು ಮಾತ್ರ ನಾನು ಕಾಯಿಲೆಯ ಪಟ್ಟಿಗೆ ಸೇರಿಸಲಿಲ್ಲ. “ನಿನಗ ಏನ್ ಆಗೇತಿ?” ಎಂದು ಕೇಳಿದರೆ, “ಏನೋ, ಆಗವಲ್ದು” ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಹೇಳಲು ಅವಳಿಗೆ ತ್ರಾಣವಿರಲಿಲ್ಲ, ಕೇಳಲು ನನಗೆ ಪುರುಸೊತ್ತಿರಲಿಲ್ಲ.

ನಮ್ಮ ಊರಿನ ಹಂಚಿನಾಳ ಡಾಕ್ಟರು ಒಳ್ಳೆಯ ಮನುಷ್ಯ. ಸುಳ್ಳು ಸೂಜಿ ಚುಚ್ಚುವವರಲ್ಲ. ಎಂಥ ಕಾಯಿಲೆಯಾದರೂ ತಮ್ಮ ಔಷಧಾಲಯದ ಮೂರು ದೊಡ್ಡ ಬಾಟಲಿಗಳ ಹೊರಗೆ ಹೋಗಲಾರದು ಎಂಬುದು ಅವರ ನಂಬಿಕೆ. ಒಂದರಲ್ಲಿ ಕೆಂಪು ಔಷಧ, ಒಂದರಲ್ಲಿ ಕಂದು, ಒಂದರಲ್ಲಿ ಸುಣ್ಣದಂಥ ಬಿಳಿಯದು. ನಾವು ಒಯ್ದ ಶೀಶೆಗೆ ಅದನ್ನು ಸುರಿದು, ಪಕ್ಕದಲ್ಲಿ ಕತ್ತರಿ ಕಚ್ಚು ಹಾಕಿದ ಕಾಗದದ ಪಟ್ಟಿ ಅಂಟಿಸಿ, ಕಚ್ಚಿಗೊಂದು ಹೊತ್ತು ಎಂದು ಕೊಡುತ್ತಿದ್ದರು. ನಾನು ಕಾಶೀಬಾಯಿಯನ್ನು ಕರೆದುಕೊಂಡು ಹೋದೆ. ಅವಳು ತಲೆತುಂಬ ಸೆರಗು ಹೊದ್ದು, ಸೆರಗಿನ ಅಂಚನ್ನು ಗದ್ದದ ಕೆಳಗೆ ಹಿಡಿದು ಸ್ಟೂಲಿನ ಮೇಲೆ ಕುಳಿತಳು. ನಾನು ಪಕ್ಕದಲ್ಲಿ ನಿಂತೆ. ಡಾಕ್ಟರು ಅವಳ ನಾಡಿ ಹಿಡಿದು, ನನ್ನ ಮುಖ ನೋಡಿ, “ಏನಾಗೇತಿ?” ಎಂದರು. ಇದು ನಮ್ಮಿಬ್ಬರ ಪದ್ಧತಿ ಮಾತ್ರ ಎಂದುಕೊಳ್ಳಬೇಡಿ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಯಾವ ದವಾಖಾನೆಗೆ ಹೋದರೂ ಆಗ ನಾಡಿ ಹೆಂಡತಿಯದು, ಮಾತು ಗಂಡನದು. ಮರ್ಯಾದಸ್ತರ ಮನೆಯ ಹೆಂಗಸು ಪರ ಗಂಡಸಿನ ಮುಂದೆ ತನ್ನ ಶರೀರದ ವಿಚಾರ ಹೇಳುವುದು ಹೇಗೆ?

“ಆಗವಲ್ದು” ಎಂದಷ್ಟೇ ಹೇಳಿದರೆ ಡಾಕ್ಟರು ಒಪ್ಪುವವರಲ್ಲ. ವಿವರ ಬೇಕು. ಹಸಿವು ಹೇಗಿದೆ? ಊಟವಾದ ಮೇಲೆ ಎದೆ ಉರಿಯುತ್ತದೆಯೇ? ರಾತ್ರಿ ನಿದ್ದೆ ಹತ್ತುತ್ತದೆಯೇ? ಸಾಹೇಬರು ಕೇಳಿದ ಪ್ರಶ್ನೆಗೆ ಗೊತ್ತಿಲ್ಲ ಎನ್ನುವುದು ಶಿರಸ್ತೇದಾರನಿಗೆ ಶೋಭಿಸುವುದಿಲ್ಲ. ನಾನು ತಡವರಿಸದೆ ಉತ್ತರ ಕೊಟ್ಟೆ. ಊಟವಾದ ಅರ್ಧ ತಾಸಿಗೆ ಎದೆಯುರಿ, ನಂತರ ಹುಳಿತೇಗು, ಮಲಗಿದರೆ ಒಂದು ತಾಸು ಹೊರಳಾಟ, ಬೆಳಗ್ಗೆ ಎದ್ದರೆ ಬಾಯಿ ಕಹಿ, ಸಣ್ಣಪುಟ್ಟದಕ್ಕೂ ಸಿಟ್ಟು. ಮಧ್ಯದಲ್ಲಿ ಆಯಾಸ, ಚಳಿ ಎಂಬುದನ್ನೂ ಸೇರಿಸಿದೆ. ಡಾಕ್ಟರು ಒಂದು ಕಾಗದದ ಮೇಲೆ ಎಲ್ಲವನ್ನೂ ಬರೆದುಕೊಂಡು, “ಪಿತ್ತ” ಎಂದು ಬಿಳಿ ಬಾಟಲಿಗೆ ಕೈ ಹಾಕಿದರು. ಕಾಶೀಬಾಯಿ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದಳು. ಎಷ್ಟು ಚೆನ್ನಾಗಿ ಹೇಳಿದರು ಎಂದು ಮೆಚ್ಚಿ ನೋಡಿದಳೆಂದು ತಿಳಿದೆ.

ಹದಿನೈದು ದಿನಕ್ಕೊಮ್ಮೆ ಶೀಶೆ ತುಂಬಿಸಿಕೊಂಡು ಬರುವುದು ಹೀಗೆ ಶುರುವಾಯಿತು. ಪ್ರತಿ ಸಲವೂ ಡಾಕ್ಟರು, “ಈಗ ಹ್ಯಾಂಗ ಐತಿ?” ಎಂದು ಕೇಳುತ್ತಿದ್ದರು. ನಾನು ಮನಸ್ಸಿನಲ್ಲೇ ತೂಗಿನೋಡಿ, “ಎದಿ ಉರಿ ಕಡಿಮಿ ಐತ್ರಿ. ತೇಗೂ ಮೊದಲಿನಷ್ಟ ಇಲ್ಲ” ಎನ್ನುತ್ತಿದ್ದೆ. ಅದು ನಿಜವೂ ಆಗಿತ್ತು. ಡಾಕ್ಟರಿಗೆ ಸಮಾಧಾನವಾಗುತ್ತಿತ್ತು. ಮನೆಯಲ್ಲಿ ರೊಟ್ಟಿಯ ಬಡಿತ ಮಾತ್ರ ಇನ್ನೂ ನಿಧಾನವಾಗುತ್ತ ಹೋಯಿತು.

ಒಂದೂವರೆ ವರ್ಷ ಕಳೆಯಿತು. ಆಗ ಮುದ್ದೇಬಿಹಾಳದಿಂದ ಶಾಂತಕ್ಕನ ಪತ್ರ ಬಂತು. ಶಾಂತಕ್ಕ ಕಾಶೀಬಾಯಿಯ ಅಕ್ಕ. ಹಿಂದೆ ಮುಂಬಯಿಯಲ್ಲಿ ಗಂಡನ ಕೂಡ ಇದ್ದಾಗ ಅಲ್ಲಿಯ ಡಾಕ್ಟರು ಅವಳಿಗೆ ಥೈರಾಯ್ಡ್ ಎಂಬ ಕಾಯಿಲೆ ಇದೆಯೆಂದು ಹೇಳಿ ಗುಳಿಗೆ ಕೊಟ್ಟಿದ್ದರು. ದೀಪಾವಳಿಗೆ ನಮ್ಮ ಮನೆಗೆ ಬಂದು ಹೋಗಿದ್ದ ಅವಳು ಪೋಸ್ಟ್ ಕಾರ್ಡಿನ ತುಂಬ ಇರುವೆ ಅಕ್ಷರಗಳಲ್ಲಿ ಬರೆದಿದ್ದಳು: ತಂಗಿಯನ್ನು ನೋಡಿದೆ, ನನಗೆ ಆಗ ಹೇಗಿತ್ತೋ ಈಗ ಅವಳಿಗೆ ಹಾಗೆಯೇ ಇದೆ, ಗಂಟಲಲ್ಲಿರುವ ಒಂದು ಗ್ರಂಥಿ ಸೋತರೆ ಹೀಗಾಗುತ್ತದೆಯಂತೆ, ರಕ್ತ ತೆಗೆದು ಮುಂಬಯಿಗೆ ಕಳಿಸಿದರೆ ಗೊತ್ತಾಗುತ್ತದೆ, ತಡಮಾಡಬೇಡಿರಿ. ನಾನು ಆ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಅಂದೇ ಔಷಧಾಲಯಕ್ಕೆ ಹೋದೆ. ಆ ಹೊಸ ಹೆಸರನ್ನು ಡಾಕ್ಟರಿಗಿಂತ ಮೊದಲು ನಾನೇ ಹೇಳುತ್ತಿದ್ದೇನೆ ಎಂಬ ಉತ್ಸಾಹವೂ ಇತ್ತು.

ಡಾಕ್ಟರಿಗೆ ಆ ಉತ್ಸಾಹ ಹಿಡಿಸಲಿಲ್ಲ. “ಗಂಟಲದಾಗ ಗಡ್ಡಿ ಎಲ್ಲೈತಿ?” ಎಂದರು. ಗಡ್ಡೆ ಇರಲಿಲ್ಲ. “ಆ ಬ್ಯಾನಿ ಗುಡ್ಡದ ಮಂದಿಗೆ ಬರ್ತೈತಿ. ನಮ್ಮ ಕಡೆ ಗುಡ್ಡ ಎಲ್ಲದಾವ?” ಸಿಂದಗಿಯ ಸುತ್ತ ಗುಡ್ಡಗಳಿಲ್ಲ ಎಂಬುದನ್ನು ಕಂದಾಯ ಇಲಾಖೆಯವನಾದ ನಾನು ಒಪ್ಪಲೇಬೇಕಾಯಿತು. “ಮತ್ತ ಈಗ ಇದ್ದದ್ದು ಗುಣ ಆಗಾಕತ್ತೇತಿ ಅಂತ ನೀವಽ ಹೇಳ್ತೀರಿ. ಗುಣ ಆಗೂ ಬ್ಯಾನಿಗೆ ಮುಂಬೈ ಯಾಕ ಬೇಕ್ರಿ?” ಶೀಶೆ ತುಂಬಿಸಿಕೊಂಡು ಬಂದೆ.

ಬಾಯಿಮಾತಿನಿಂದ ಆಗದ ಕೆಲಸ ಕಾಗದದಿಂದ ಆಗುತ್ತದೆ ಎಂಬುದು ನಾನು ನೌಕರಿಯಲ್ಲಿ ಕಲಿತದ್ದು. ಮುಂದಿನ ವಾರ ಅರ್ಧ ತಾವು ಕಾಗದ ತೆಗೆದುಕೊಂಡು, ಎಡಗಡೆ ಅಂಚು ಬಿಟ್ಟು, “ವಿಷಯ: ಥೈರಾಯ್ಡ್ ಪರೀಕ್ಷೆಗೆ ಶಿಫಾರಸು ಕೋರಿ” ಎಂದು ಶುರುಮಾಡಿ ಒಂದು ಅರ್ಜಿ ಬರೆದೆ. ಉಲ್ಲೇಖದಲ್ಲಿ ಶಾಂತಕ್ಕನ ಕಾರ್ಡು. ಲಗತ್ತು ಒಂದು, ಅದೇ ಕಾರ್ಡಿನ ನಕಲು. ಡಾಕ್ಟರು ಅದನ್ನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿ, ಸುಣ್ಣದ ಬಾಟಲಿಯ ಕೆಳಗೆ ಇಟ್ಟುಕೊಂಡರು. ಒಂದು ತಿಂಗಳಾದರೂ ಏನೂ ಆಗಲಿಲ್ಲ. ಜ್ಞಾಪನ ಪತ್ರ ಕೊಟ್ಟೆ. ಅದೂ ಬಾಟಲಿಯ ಕೆಳಗೆ ಹೋಯಿತು. ಮೂರನೆಯದಕ್ಕೆ ಅವರು, “ಶಿರಸ್ತೇದಾರ್ರ, ನಿಮ್ಮ ಕಚೇರ್ಯಾಗ ನನ್ನ ಹೊಲದ್ದ ಒಂದ ಅರ್ಜಿ ಮೂರ ವರ್ಷದಿಂದ ಬಿದ್ದೈತಿ. ನಾ ಎಂದರ ಜ್ಞಾಪನ ಕೊಟ್ಟೇನೇನು?” ಎಂದರು. ಅವರ ಧ್ವನಿಯಲ್ಲಿ ಸಿಟ್ಟೇನೂ ಇರಲಿಲ್ಲ. ನಾನು ಮರುದಿನವೇ ಅವರ ಕಡತ ಹುಡುಕಿಸಿ ಧೂಳು ಹೊಡೆಸಿದೆ.

ಇಂಡಿಯಲ್ಲಿ ಬೇರೊಬ್ಬ ಡಾಕ್ಟರಿದ್ದಾರೆ, ಅವರಿಗೆ ಹೊಸ ವಿದ್ಯೆಯೆಲ್ಲ ಗೊತ್ತು ಎಂದು ಕಚೇರಿಯಲ್ಲಿ ಯಾರೋ ಹೇಳಿದರು. ರವಿವಾರ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಕಾಶೀಬಾಯಿ ದಾರಿಯುದ್ದಕ್ಕೂ ಕಿಟಕಿಯ ಸರಳಿಗೆ ತಲೆಯಾನಿಸಿ ನಿದ್ದೆ ಮಾಡಿದಳು. ಆ ಡಾಕ್ಟರು ನಾನು ಹೇಳಿದ ಅಷ್ಟನ್ನೂ ಕಿವಿಗೊಟ್ಟು ಕೇಳಿದರು. ಕೊನೆಗೆ, “ಇಷ್ಟ ದಿನ ಯಾರ ಹತ್ರ ತೋರಸ್ತಿದ್ರಿ?” ಎಂದರು. ಹೆಸರು ಹೇಳಿದೆ. ಅವರ ಮುಖ ಅರಳಿತು. “ನಮ್ಮ ಹಂಚಿನಾಳ ಏನ್ರಿ? ನಾವಿಬ್ರೂ ಒಂದಽ ಖೋಲ್ಯಾಗ ಇದ್ದು ಕಲ್ತವ್ರು. ಅವನ ಪೇಶಂಟಿಗೆ ನಾ ಕೈ ಹಚ್ಚೂದು ಧರ್ಮ ಅಲ್ಲ” ಎಂದು ನಮಗೆ ಚಹ ಕುಡಿಸಿ, ಹಂಚಿನಾಳರಿಗೆ ಒಂದು ಚೀಟಿ ಕೊಟ್ಟರು. ಚೀಟಿಯಲ್ಲಿ ಥೈರಾಯ್ಡಿನ ವಿಷಯವಿರಬಹುದೆಂದು ಆಸೆಯಿತ್ತು. ಯುಗಾದಿಗೆ ಬಂದು ಹೋಗು ಎಂದು ಬರೆದಿತ್ತು.

ಇದನ್ನೆಲ್ಲ ನಾನು ನಗುತ್ತ ಬರೆಯುತ್ತಿದ್ದೇನೆ. ಆಗ ನಗು ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬಂದೆ. ಬಾಗಿಲು ತೆರೆದೇ ಇತ್ತು, ಒಳಗೆಲ್ಲ ಸುಟ್ಟ ಹಾಲಿನ ವಾಸನೆ. ಒಲೆಯ ಮೇಲೆ ಪಾತ್ರೆ ಕರಿಯಾಗಿ ಹೋಗಿತ್ತು. ಕಾಶೀಬಾಯಿ ಅಡುಗೆಮನೆಯ ಗೋಡೆಗೆ ಒರಗಿ ಕುಳಿತಲ್ಲೇ ಕಣ್ಣು ಮುಚ್ಚಿದ್ದಳು. ಕೂಗಿದೆ. ಏಳಲಿಲ್ಲ. ಭುಜ ಹಿಡಿದು ಅಲುಗಾಡಿಸಿದೆ. ಕೈ ಮುಟ್ಟಿದರೆ ತಣ್ಣಗೆ, ಚರ್ಮ ಒರಟು. ಎಷ್ಟು ಹೊತ್ತಾಯಿತೋ, ಕಣ್ಣು ತೆರೆದಳು. ತೆರೆದು ನನ್ನನ್ನು ನೋಡಿದಳು. ಆ ನೋಟದಲ್ಲಿ ನನ್ನ ಗುರುತು ಇರಲಿಲ್ಲ. ಒಂದು ಗಳಿಗೆಯಾದ ಮೇಲೆ, “ನೀವೇನ್ರಿ? ಊಟಕ್ಕ ಬಂದ್ರೇನು?” ಎಂದಳು. ಇವಳು ನನ್ನ ಕಣ್ಣೆದುರಿಗೇ ಸ್ವಲ್ಪ ಸ್ವಲ್ಪವಾಗಿ ಹೋಗುತ್ತಿದ್ದಾಳೆ, ನಾನು ಜ್ಞಾಪನ ಪತ್ರ ಬರೆಯುತ್ತ ಕುಳಿತಿದ್ದೇನೆ ಎಂದು ಹೆದರಿಕೆಯಾಯಿತು. ಅಂದು ಕಚೇರಿಗೆ ವಾಪಸ್ಸು ಹೋಗಲಿಲ್ಲ.

ಮರುದಿನ ಬೆಳಗ್ಗೆ ಅವಳನ್ನು ಕರೆದುಕೊಂಡು ಹಂಚಿನಾಳರ ಬಾಗಿಲು ತೆರೆಯುವ ಮುಂಚೆಯೇ ಹೋಗಿ ಕುಳಿತೆ. ಇಂದು ಜಗಳವಾದರೂ ಆಗಲಿ, ಪರೀಕ್ಷೆಗೆ ಬರೆಯಿಸಿಕೊಂಡೇ ಏಳುವುದೆಂದು ನಿಶ್ಚಯಿಸಿದ್ದೆ. ಏನೇನು ಹೇಳಬೇಕೆಂದು ಅಂಕಿ ಹಾಕಿ ಬರೆದುಕೊಂಡಿದ್ದೆ. ಒಳಗಿನಿಂದ ಕರೆ ಬರುವ ಹೊತ್ತಿಗೆ ಸರಿಯಾಗಿ ನಮ್ಮ ಕಚೇರಿಯ ಜವಾನ ರಾಜೇಸಾಬ ಸೈಕಲ್ಲಿನ ಮೇಲೆ ಏದುಸಿರು ಬಿಡುತ್ತ ಬಂದ. ಬಿಜಾಪುರದಿಂದ ದೊಡ್ಡ ಸಾಹೇಬರು ಹೇಳದೆ ಕೇಳದೆ ಬಂದು ಕಚೇರಿಯಲ್ಲಿ ಕುಳಿತಿದ್ದಾರೆ, ಶಿರಸ್ತೇದಾರ ಎಲ್ಲಿ ಎನ್ನುತ್ತಿದ್ದಾರೆ. ನಾನು ಕಾಶೀಬಾಯಿಗೆ, “ಏಳು, ನಾಳೆ ಬರೂಣು” ಎಂದೆ. ಅವಳು ಏಳಲಿಲ್ಲ. ಬಹಳ ನಿಧಾನವಾಗಿ, “ನೀವು ಹೋಗ್ರಿ. ನಾ ಕುಂದರ್ತೇನಿ” ಎಂದಳು. “ಒಬ್ಬಾಕಿ ಏನ್ ಹೇಳ್ತಿ ನೀ?” ಎಂದೆ. “ಕೇಳಿದ್ದಕ್ಕ ಹೇಳ್ತೇನಿ” ಎಂದಳು. ಅಂಕಿ ಹಾಕಿದ ಚೀಟಿಯನ್ನು ಅವಳ ಕೈಗೆ ಕೊಟ್ಟು, ಇದನ್ನು ಡಾಕ್ಟರಿಗೆ ತೋರಿಸು, ನಾನು ಬರುವವರೆಗೆ ಮಾತಾಡಬೇಡ ಎಂದು ಹೇಳಿ ಓಡಿದೆ.

ತಾಸು ಹೊತ್ತಿನ ಮೇಲೆ ಬಂದು ನೋಡಿದರೆ ಡಾಕ್ಟರು ದೊಡ್ಡ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಪತ್ರ ಬರೆಯುತ್ತಿದ್ದರು. ನನ್ನ ಚೀಟಿ ಮಡಿಕೆ ಬಿಚ್ಚದೆ ಮೇಜಿನ ಮೇಲಿತ್ತು. ಕಾಶೀಬಾಯಿಯ ಸೆರಗು ಹೆಗಲ ಮೇಲಕ್ಕೆ ಜಾರಿತ್ತು, ಅವಳು ಅದನ್ನು ಸರಿಪಡಿಸಿಕೊಂಡಿರಲಿಲ್ಲ. ಡಾಕ್ಟರು ನನಗೆ ಕುಳಿತುಕೊಳ್ಳಲು ಹೇಳಿ, “ಶಿರಸ್ತೇದಾರ್ರ, ಇವರ ದನಿ ಯಾವಾಗಿಂದ ಹಿಂಗ ಆಗೇತಿ?” ಎಂದು ಕೇಳಿದರು.

“ಹ್ಯಾಂಗ ಆಗೇತ್ರಿ?” ಎಂದೆ.

“ಹ್ಯಾಂಗ ಅಂತ ಕೇಳ್ತೀರಲ್ಲ! ಗಂಡಸರ ದನಿ ಆಗೇತಿ. ಗೊಗ್ಗರ. ಒಂದೊಂದ ಮಾತ ಬಾವಿಂದ ಸೇದಿ ತಂದಂಗ ಬರಾಕತ್ತೇತಿ. ನಾನು ಪುಸ್ತಕದಾಗ ಓದಿದ್ದೆ, ಈ ಬ್ಯಾನಿ ದನಿ ಕೇಳಿದ್ರ ಸಾಕು, ಮುಖ ನೋಡೂದಽ ಬ್ಯಾಡ ಅಂತ. ಕೂದಲ ನೋಡ್ರಿ, ಹುಬ್ಬು ನೋಡ್ರಿ, ತುದಿಗೆ ಎಲ್ಲಾ ಉದುರಿ ಹೋಗ್ಯಾವ. ಸೆರಗಿನ್ಯಾಗ ಎಲ್ಲಾ ಮುಚ್ಚಿ ಹೋಗಿತ್ತು. ಎರಡ ವರ್ಷ ನಾ ಇವರ ದನೀನಽ ಕೇಳಿದ್ದಿಲ್ಲ.” ಅಷ್ಟು ಹೇಳಿ ಪೆನ್ನು ಕೆಳಗಿಟ್ಟರು. “ತಪ್ಪು ನಂದೂ ಐತಿ. ನೀವು ಹೇಳಿದ್ದನ್ನಷ್ಟ ಕೇಳಿದೆ. ಇವರನ್ನ ಒಂದ ಮಾತ ಕೇಳಬೇಕಿತ್ತು.”

ನಾನು ಕಾಶೀಬಾಯಿಯ ಧ್ವನಿ ಹಿಂದೆ ಹೇಗಿತ್ತು ಎಂದು ನೆನಪಿಸಿಕೊಳ್ಳಲು ನೋಡಿದೆ. ಅವಳು ಶ್ರಾವಣದಲ್ಲಿ ಹಾಡು ಹೇಳಿದರೆ ಓಣಿಯವರು ಬಂದು ಕೂಡುತ್ತಿದ್ದರು. ಆ ಹಾಡು ನಿಂತು ಎಷ್ಟು ಶ್ರಾವಣಗಳಾದವು ಎಂಬುದು ನನಗೆ ಹೊಳೆಯಲಿಲ್ಲ. ಒಂದೇ ಮನೆಯಲ್ಲಿದ್ದೆ, ದಿನಾ ಆ ಧ್ವನಿ ಕೇಳುತ್ತಲೇ ಇದ್ದೆ. ಅಥವಾ ಕೇಳುತ್ತಿದ್ದೇನೆಂದು ತಿಳಿದಿದ್ದೆ.

ಆ ಪತ್ರ ಸೊಲ್ಲಾಪುರದ ಒಬ್ಬ ದೊಡ್ಡ ಡಾಕ್ಟರಿಗೆ ಬರೆದದ್ದು. ಅದರ ಜೊತೆಗೆ ಹಂಚಿನಾಳರು ನನ್ನ ಮಾತು ಬರೆದುಕೊಂಡಿದ್ದ ಎರಡು ವರ್ಷದ ಹಳೆಯ ಕಾಗದವನ್ನೂ ಪ್ರಾಮಾಣಿಕವಾಗಿ ಪಿನ್ನು ಚುಚ್ಚಿ ಕೊಟ್ಟರು. ಇಂಡಿಯವರೆಗೆ ಬಸ್ಸು, ಅಲ್ಲಿಂದ ಸ್ಟೇಶನ್ನಿಗೆ ಟಾಂಗಾ, ಮುಂದೆ ಸಣ್ಣ ಹಳಿಯ ರೈಲು. ರೈಲಿನಲ್ಲಿ ಅವಳಿಗೆ ಕಿಟಕಿಯ ಪಕ್ಕ ಜಾಗ ಹಿಡಿದುಕೊಟ್ಟೆ, ಥಂಡಿ ಗಾಳಿ ಎಂದು ಅವಳು ಕಿಟಕಿ ಹಾಕಿಸಿದಳು. ಡಬ್ಬಿಯ ಉಳಿದವರೆಲ್ಲ ಬೆವರುತ್ತ ನನ್ನನ್ನು ದುರುಗುಟ್ಟಿ ನೋಡಿದರು.

ಸೊಲ್ಲಾಪುರದ ಡಾಕ್ಟರ ಕನ್ನಡದಲ್ಲಿ ಅರ್ಧ ಮರಾಠಿ. ಅವರು ಮೊದಲು ಪತ್ರ ಓದಿ ಹೂಂ ಎಂದರು. ಆಮೇಲೆ ಹಳೆಯ ಕಾಗದ ಓದಿ ಹಣೆ ಗಂಟಿಕ್ಕಿದರು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ನಾನು ವಿವರಿಸಲೆಂದು ಎದ್ದು ನಿಂತೆ. ಅವರು ಕೈಸನ್ನೆಯಿಂದಲೇ ನನ್ನನ್ನು ಕೂಡಿಸಿ, “ಬಾಯಿ, ತುಮಚೇ ನೀವೇ ಸಾಂಗಾ, ನೀವೇ ಹೇಳ್ರಿ” ಎಂದರು. “ಊಟ ಝಾಲ್ಯಾವರ ಎದಿ ಉರೀತದ ಕಾಯ?”

“ಇಲ್ಲರಿ” ಎಂದಳು ಕಾಶೀಬಾಯಿ.

“ಹುಳಿತೇಗು?”

“ಇಲ್ಲರಿ.”

“ನಿದ್ದಿ ಬರೂದಿಲ್ಲ ಅಂತ ಇಲ್ಲಿ ಲಿಹಿಲಂ ಆಹೆ” ಎಂದು ಬರೆದದ್ದರ ಮೇಲೆ ಬೆರಳಿಟ್ಟರು.

“ನಿದ್ದಿ ಬರೂದಿಲ್ಲ ಅಂತಾರೇನ್ರಿ? ನನಗ ಇಪ್ಪತ್ನಾಕ ತಾಸು ನಿದ್ದೀನಽ ಬರ್ತೈತ್ರಿ.”

ಡಾಕ್ಟರು ಹಳೆಯ ಕಾಗದವನ್ನು ಎತ್ತಿ ಹಿಡಿದು, “ಮತ್ತ ಹೇ ಯಾರ ಬ್ಯಾನಿ?” ಎಂದರು. ಕಾಶೀಬಾಯಿ ನೆಲ ನೋಡಿದಳು. ಡಾಕ್ಟರು ನನ್ನ ಕಡೆ ತಿರುಗಿದರು. ಎದೆಯುರಿ, ಹುಳಿತೇಗು, ಒಂದು ತಾಸಿನ ಹೊರಳಾಟ, ಬಾಯಿ ಕಹಿ, ಸಿಟ್ಟು ಎಂದು ನಾನು ಮನಸ್ಸಿನಲ್ಲೇ ಒಂದೊಂದಾಗಿ ಓದಿಕೊಂಡೆ. ಅವೆಲ್ಲ ನನಗೆ ಬಹಳ ಪರಿಚಯದವು. ಗೊತ್ತಿಲ್ಲದ ಪ್ರಶ್ನೆಗಳಿಗೆ ನಾನು ಗೊತ್ತಿದ್ದ ಹೊಟ್ಟೆಯಿಂದ ಉತ್ತರ ತೆಗೆದುಕೊಟ್ಟಿದ್ದೆ. “ನಂದಽ ಇರಬೇಕ್ರಿ” ಎಂದೆ. ಡಾಕ್ಟರು ನಗಲಿಲ್ಲ. ಆ ಕಾಗದದ ಮೇಲಿದ್ದ ಹೆಸರನ್ನು ಹೊಡೆದು, ನನ್ನ ಹೆಸರು ಕೇಳಿ ಬರೆದು, ನನ್ನ ಕೈಗೆ ಕೊಟ್ಟರು.

ರಕ್ತ ತೆಗೆದು ಮುಂಬಯಿಗೆ ಕಳಿಸಿದರು. ಇಪ್ಪತ್ತು ದಿನಕ್ಕೆ ವರದಿ ಬಂತು. ಶಾಂತಕ್ಕನ ಕಾರ್ಡಿನಲ್ಲಿ ಇದ್ದದ್ದೇ ಅದರಲ್ಲಿ ಅಂಕಿಗಳಲ್ಲಿ ಇತ್ತು. ದಿನಕ್ಕೊಂದು ಸಣ್ಣ ಬಿಳಿ ಗುಳಿಗೆ, ಬೆಳಗ್ಗೆ ಬರೀ ಹೊಟ್ಟೆಯಲ್ಲಿ. ಇನ್ನು ಆರೆಂಟು ತಿಂಗಳು ತಡವಾಗಿದ್ದರೆ ಹೇಳಲು ಬರುತ್ತಿರಲಿಲ್ಲ ಎಂದು ಸೊಲ್ಲಾಪುರದವರು ಹಂಚಿನಾಳರಿಗೆ ಬರೆದಿದ್ದರಂತೆ. ಹಂಚಿನಾಳರು ಅದನ್ನು ನನಗೆ ಓದಿ ಹೇಳಿ, ಬಾಟಲಿಯ ಕೆಳಗಿದ್ದ ನನ್ನ ಮೂರೂ ಅರ್ಜಿಗಳನ್ನು ತೆಗೆದು ವಾಪಸ್ಸು ಕೊಟ್ಟರು. ಸುಣ್ಣದ ಬಾಟಲಿಯ ಬುಡದ ಉಂಗುರ ಅವುಗಳ ಮೇಲೆ ಕಚೇರಿಯ ಮುದ್ರೆಗಿಂತ ಸ್ಪಷ್ಟವಾಗಿ ಒತ್ತಿತ್ತು.

ಒಂದು ತಿಂಗಳಿಗೆ ಕೌದಿ ಪೆಟ್ಟಿಗೆಗೆ ಹೋಯಿತು. ಎರಡು ತಿಂಗಳಿಗೆ ಮುಖದ ಊತ ಇಳಿಯಿತು. ಮೂರನೆಯ ತಿಂಗಳು ಒಂದು ಬೆಳಗ್ಗೆ ನಾನು ಪೇಪರ್ ಹಿಡಿದು ಕುಳಿತಿದ್ದಾಗ ಒಳಗೆ ರೊಟ್ಟಿ ಬಡಿಯುವ ಸಪ್ಪಳ ಒಂದೇ ಸಮನೆ ಕೇಳಿಸಿತು. ಅದರ ಸಂಗಡ ಅವಳು ಏನೋ ಗುನುಗುತ್ತಿದ್ದಳು. ಗೊಗ್ಗರು ಹೋಗಿ ಹಳೆಯ ಧ್ವನಿ ಬಂದಿತ್ತು. ನಾನು ಪೇಪರ್ ಮಡಿಚಿಟ್ಟು ಅಡುಗೆಮನೆಯ ಹೊಸ್ತಿಲ ಮೇಲೆ ಹೋಗಿ ಕುಳಿತೆ. ಬಹಳ ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಅಂದು ಕೇಳಿಯೇಬಿಟ್ಟೆ. “ಎರಡ ವರ್ಷ ನಾ ಡಾಕ್ಟರ ಮುಂದ ನಿನ್ನದಲ್ಲದ ಬ್ಯಾನಿ ಹೇಳೇನಿ. ನೀ ಬಾಜೂಕ ಕುಂತಿದ್ದಿ. ನಂದಲ್ಲ ಅಂತ ಒಂದ ಮಾತ ಯಾಕ ಹೇಳಲಿಲ್ಲ?”

ಅವಳು ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು. “ನಿಮ್ಮದು ಅಂತ ನನಗ ಮೊದಲ ದಿನಾನಽ ಗೊತ್ತಾಗಿತ್ತು” ಎಂದಳು. “ಪಾಪ, ಇಷ್ಟ ತ್ರಾಸ ಆಗತೈತಿ ಇವರಿಗೆ, ತಮ್ಮದು ಅಂತ ಹೇಳಾಕ ನಾಚಿಕಿ, ಅದಕ್ಕ ನನ್ನ ಹೆಸರಿಲೆ ಹೇಳಾಕತ್ತಾರ ಅಂತ ತಿಳದೆ. ನಾ ನಡುವ ಬಾಯಿ ಹಾಕಿದ್ರ ಡಾಕ್ಟರ್ ಔಷಧ ಕೊಡ್ತಿದ್ದಿಲ್ಲ. ಕೊಡ್ಲಿ ಅಂತ ಸುಮ್ಮನ ಕುಂತೆ.”

“ಔಷಧ ನೀ ಕುಡದಿ.”

“ನಾ ಯಾಕ ಕುಡೀಲಿ? ನಿಮ್ಮ ಮಜ್ಜಿಗ್ಯಾಗ ಹಾಕ್ತಿದ್ದೆ. ಬೆಳ್ಳಗಿತ್ತು, ನಿಮಗ ತಿಳೀಲಿಲ್ಲ. ಡಾಕ್ಟರ್ ಮೂರ ಹೊತ್ತು ಅಂದಿದ್ರು. ಮಧ್ಯಾಹ್ನ ಒಮ್ಮೊಮ್ಮೆ ನೀವು ಊಟಕ್ಕ ಬರ್ತಿದ್ದಿಲ್ಲ, ಆಗಷ್ಟ ತಪ್ಪಿತು. ತೇಗು ಕಡಿಮಿ ಆಗಿದ್ದಿಲ್ಲೇನು ನಿಮಗ?”

ಆಗಿತ್ತು. ಅದನ್ನೇ ನಾನು ಹದಿನೈದು ದಿನಕ್ಕೊಮ್ಮೆ ಡಾಕ್ಟರಿಗೆ ಸಂತೋಷದಿಂದ ವರದಿ ಮಾಡುತ್ತಿದ್ದೆ. ಅದನ್ನು ಕೇಳಿಯೇ ಅವರು ಪರೀಕ್ಷೆ ಬೇಡವೆಂದು ಹಟ ಹಿಡಿದದ್ದು. ನನಗೆ ಬೇರೆಯೇ ಒಂದು ಯೋಚನೆ ಬಂತು. ಆ ಎರಡು ವರ್ಷ ಕೈ ಎತ್ತಲೂ ತ್ರಾಣವಿಲ್ಲದೆ ಇವಳು ಗೋಡೆಗೆ ಒರಗಿ ಕೂಡುತ್ತಿದ್ದಳು. ಹಾಲು ಮರೆತಳು, ಉಪ್ಪು ಮರೆತಳು, ಹೆತ್ತ ಮಗನ ಹೆಸರು ಮರೆತಳು, ಒಂದು ಮಧ್ಯಾಹ್ನ ನನ್ನ ಗುರುತನ್ನೇ ಮರೆತಿದ್ದಳು. ಕಾಗದದ ಕಚ್ಚು ನೋಡಿ ನನ್ನ ಮಜ್ಜಿಗೆಗೆ ಔಷಧ ಹಾಕುವುದನ್ನು ಮರೆತಿರಲಿಲ್ಲ.

ಅವಳು ರೊಟ್ಟಿ ತಿರುವಿ ಹಾಕಿ ನನ್ನ ಕಡೆ ನೋಡಿದಳು. “ಯಾಕ್ರಿ, ಕಣ್ಣಾಗ ನೀರ ಬಂದಾವ? ಏನಾತು?” ಎಂದಳು.

ಇಪ್ಪತ್ತೆರಡು ವರ್ಷ ಊರವರ ಅಹವಾಲನ್ನೆಲ್ಲ ಮೂರು ವಾಕ್ಯಗಳಲ್ಲಿ ಹೇಳಿದವನಿಗೆ ಒಂದೇ ಶಬ್ದ ಬಂತು.

“ಹುಳಿತೇಗು” ಎಂದೆ.